ಸಂಗವ್ವನ ಕೈಯ ಸೀಡಿ

ನನ್ನ ತಂಗಿ ಸಂಗವ್ವ ತೀರಿಕೊಂಡ ಸುದ್ದಿಯನ್ನು ಯಾರೂ ಬಂದು ಹೇಳಲಿಲ್ಲ, ಗಂಟೆಯೇ ಹೇಳಿತು. ಜ್ಯೇಷ್ಠದ ಒಂದು ಸೋಮವಾರ, ಬಿಸಿಲು ಇಳಿಯುವ ಹೊತ್ತು. ನಾನು ಮಠದ ಪಡಸಾಲೆಯಲ್ಲಿ ಪುರಾಣದ ಹೊತ್ತಿಗೆಯ ಬಟ್ಟೆ ಬಿಚ್ಚುತ್ತಿದ್ದೆ. ಹೊಳೆಯ ಆಚೆಯಿಂದ ಸಂಜೆಯ ಗಂಟೆ ಶುರುವಾಯಿತು, ಶುರುವಾದದ್ದು ನಡುವಿನಲ್ಲೇ ನಿಂತುಬಿಟ್ಟಿತು. ಎತ್ತಿದ ಕೈ ಎತ್ತಿದಲ್ಲೇ ಉಳಿದಂತೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಹೊಳೆಯ ಕಡೆ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡಿದರು. ಅವರೆಲ್ಲರಿಗೂ ಗೊತ್ತಿತ್ತು, ಆ ಹೊತ್ತಿಗೆ ದಂಡೆಯ ಕಚೇರಿಯಲ್ಲಿ ಕೂತಿರುವವಳು ನನ್ನ ತಂಗಿ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಅವಳ ಜೊತೆ ಕೆಲಸ ಮಾಡುವ ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. "ಎಬ್ಬಿಸಿದೆ ಕಾಕಾ. ಏಳವಲ್ಲಳು" ಎಂದಳು. ಸಂಗವ್ವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕನ್ನಡಕ ಮೂಗಿನ ಮೇಲೆ ಸ್ವಲ್ಪ ಜಾರಿತ್ತು. ಬಲಗೈ ಸೀಡಿ ಹಾಕುವ ಗೂಡಿನ ಮೇಲೆ ಇತ್ತು. ಕಂಪ್ಯೂಟರಿನ ತೆರೆಯ ಬೆಳಕು ಮುಖದ ಮೇಲೆ ಬಿದ್ದು, ಏನೋ ಓದುತ್ತಿರುವವಳ ಹಾಗೆ ಕಾಣುತ್ತಿದ್ದಳು. ಶಿವನ ಇಚ್ಛೆ. ಅರವತ್ತು ದಾಟಿದವಳು, ಮೊದಲೇ ಎದೆಯ ನೋವು. ಆದರೂ ನಾನು ಅವಳಿಗಿಂತ ಹಿರಿಯ, ಸಾಲಿನಲ್ಲಿ ನಾನು ಮುಂದೆ ನಿಂತಿದ್ದೆ.

ನಮ್ಮ ಊರಿನ ಹೊಳೆಯನ್ನು ದಾಟಿ ಯಾರೂ ಆಚೆ ದಂಡೆಗೆ ಹೋಗುವುದಿಲ್ಲ. ನಮ್ಮ ಅಜ್ಜಂದಿರೂ ಹೋದವರಲ್ಲ. ಎಮ್ಮೆಗಳು ಕೂಡ ನಡುನೀರಿನವರೆಗೆ ಈಜಿ ಅಲ್ಲಿಂದ ತಿರುಗಿ ಬರುತ್ತವೆ. ಆಚೆ ದಂಡೆಯಲ್ಲಿ ಒಂದು ಕಲ್ಲಿನ ಮನೆ ಇದೆ, ಆಚೆಮನೆ ಎನ್ನುತ್ತೇವೆ. ಊರ ಕೆರೆಯ ಬಾಗಿಲುಗಳನ್ನು ತೆರೆಯುವ, ಮುಚ್ಚುವ, ಬೆಳಿಗ್ಗೆ ಸಂಜೆ ಗಂಟೆ ಬಾರಿಸುವ ಸರ್ವರ್ ಅದರೊಳಗೆ ಇದೆ. ಅದಕ್ಕೆ ಏನಾದರೂ ಆದರೆ ಈಚೆ ದಂಡೆಯ ಕಚೇರಿಯಲ್ಲಿ ಕೂತೇ ಸರಿಪಡಿಸಬೇಕು. ಇಲ್ಲಿಯ ಗೂಡಿನಲ್ಲಿ ಸೀಡಿ ಹಾಕಿ ಹೆಸರು ಬರೆದು ಜೋಡಿಸಿದರೆ, ಆಚೆಯ ಯಂತ್ರ ತನ್ನ ಹೊಟ್ಟೆಯಲ್ಲೇ ಒಂದು ಡ್ರೈವ್ ಇದೆಯೆಂದು ತಿಳಿದು ಅದನ್ನು ಓದುತ್ತದೆ. ಅಲ್ಲಿ ಡ್ರೈವ್ ಇಲ್ಲ. ಇದೆಯೆಂದು ಅದು ನಂಬುತ್ತದೆ, ಅಷ್ಟೆ. ಜನ ಅದನ್ನು ಇಲ್ಲದ ಡ್ರೈವು ಎಂದೇ ಕರೆಯುತ್ತಾರೆ. ಸಂಗವ್ವ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ತಿಳಿಸಿ ಹೇಳಿದಾಗ ನನಗೆ ಏನೂ ಆಶ್ಚರ್ಯವಾಗಲಿಲ್ಲ. ಅಂಗೈಯಲ್ಲಿ ಹಿಡಿದದ್ದು ಅಂಗೈಯಲ್ಲಿ ಮಾತ್ರ ಇರುವುದಿಲ್ಲವೆಂದು ನಾನೇ ಮಠದಲ್ಲಿ ಎಷ್ಟೋ ಸಲ ಓದಿ ಹೇಳಿದವನು.

ಆ ಕುರ್ಚಿಗೆ ಒಂದು ನಿಯಮ ಇತ್ತು. ಏಳುವ ಮೊದಲು ಜೋಡಿಸಿದ್ದನ್ನು ಕಳಚಬೇಕು, ಕಳಚಿ ಗಟ್ಟಿಯಾಗಿ "ಬಿಟ್ಟೆ" ಎನ್ನಬೇಕು. ಸಂಗವ್ವನಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಮನೆಯಲ್ಲಿ ರೊಟ್ಟಿ ಬಡಿದು ಹಿಟ್ಟು ನಾದುವ ಕೊಣಮಿಗೆ ತೊಳೆದಿಟ್ಟರೂ "ಬಿಟ್ಟೆ" ಅನ್ನುತ್ತಿದ್ದಳು. ನಾನು ನಗುತ್ತಿದ್ದೆ. ಆ ಸೋಮವಾರ ಅವಳು ಅನ್ನಲಿಲ್ಲ. ಅವಳ ಪರವಾಗಿ ಅನ್ನಬೇಕೆಂದು ನಮಗೆ ಯಾರಿಗೂ ಹೊಳೆಯಲೂ ಇಲ್ಲ.

ಇನ್ನೊಂದು ಪದ್ಧತಿಯನ್ನು ಮಾತ್ರ ನಾವು ಮರೆಯಲಿಲ್ಲ. ನಮ್ಮಲ್ಲಿ ಮಣ್ಣು ಕೊಡುವಾಗ ಎಡಗೈಯಲ್ಲಿ ಇಷ್ಟಲಿಂಗ, ಬಲಗೈಯಲ್ಲಿ ಮಾಡುತ್ತಿದ್ದ ಕೆಲಸದ ಸಾಮಾನು. ನೇಕಾರನಿಗೆ ಲಾಳಿ, ಕ್ಷೌರದವನಿಗೆ ಕತ್ತಿ. ಸಂಗವ್ವನನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಏರಿಸಿದ ಮೇಲೆ ಯಾರೋ ಗೂಡಿನಲ್ಲಿದ್ದ ಸೀಡಿಯನ್ನು ತಂದು ಕೊಟ್ಟರು. ಅದನ್ನು ಅವಳ ಬೆರಳುಗಳ ನಡುವೆ ಇಟ್ಟವನು ನಾನು. ಅದು ಕನ್ನಡಿಯ ಹಾಗೆ ಹೊಳೆಯಿತು, ಅದರಲ್ಲಿ ಒಂದು ಗಳಿಗೆ ಆಕಾಶ ಕಂಡಿತು. ಆಮೇಲೆ ಮಣ್ಣು ಎಳೆದರು.

ಮರುದಿನ ಬೆಳಗಿನ ಗಂಟೆ ಶುರುವಾಗಿ ನಡುವಿನಲ್ಲಿ ನಿಂತಿತು. ಸಂಜೆಯೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ಊರು ಎಂಥದ್ದಕ್ಕೂ ಹೊಂದಿಕೊಳ್ಳುತ್ತದೆ. ಗಂಟೆ ಬಾರಿಸಿದ ಮೇಲೆ ಅಂಗಡಿ ತೆರೆಯುವವರು ಬಾಗಿಲಿನ ಒಂದೇ ಹಲಗೆ ತೆಗೆದು ಕೂತರು. ಮಕ್ಕಳು ಶಾಲೆಯ ಕಟ್ಟೆಯವರೆಗೆ ಹೋಗಿ ಒಳಗೆ ಹೋಗುವುದೋ ಬೇಡವೋ ಎಂದು ಆಡುತ್ತ ಉಳಿದರು. ಗಿರಣಿಯ ಮಲ್ಲವ್ವ, "ಗಂಟಿ ಪೂರ್ತಿ ಆಗೂತನಕ ನುಚ್ಚು ಅಷ್ಟ, ಹಿಟ್ಟು ಇಲ್ಲ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳಂತೆ. ಆದರೆ ಕೆರೆಯ ಬಾಗಿಲು ಮುಚ್ಚಿದ್ದು ಮುಚ್ಚಿಯೇ ಇತ್ತು, ಅದು ನಗುವ ಮಾತಾಗಿರಲಿಲ್ಲ. ಮಳೆ ಬಂದು ಕೆರೆ ತುಂಬಿದರೆ ಕೆಳಗಿನ ಕುಂಬಾರ ಓಣಿ ಮೊದಲು ಮುಳುಗುತ್ತದೆ.

ಕಸ್ತೂರಿ ತನಗೆ ತಿಳಿದದ್ದೆಲ್ಲ ಮಾಡಿ ನೋಡಿದಳು. ಆಚೆಯ ಯಂತ್ರ ಪ್ರತಿ ಸಲ ಗಂಟೆ ಶುರುಮಾಡಿ, ನಡುವೆ ತಾನೇ ಆರಿ ಹೊಸದಾಗಿ ಎದ್ದು, ಇಲ್ಲದ ಡ್ರೈವಿನ ಕಡೆ ತಿರುಗಿ ಸುಮ್ಮನಾಗುತ್ತದೆ ಎಂದು ಅವಳು ಕಂಡುಕೊಂಡಳು. ಡ್ರೈವ್ ಯಾರ ಹೆಸರಿನಲ್ಲಿ ಜೋಡಿಸಿದೆ ಎಂದು ನೋಡಿದರೆ ಸಂಗವ್ವನ ಹೆಸರು. ಸಂಗವ್ವನ ಕಂಪ್ಯೂಟರು ಆರಿಸಿಟ್ಟಿತ್ತು, ಗೂಡು ಬರಿದಾಗಿತ್ತು. ಕಸ್ತೂರಿ ಅದರ ತಂತಿಯನ್ನೂ ಕಿತ್ತಳು; ಹೆಸರು ಹೋಗಲಿಲ್ಲ. ನಿನ್ನ ಸ್ವಂತ ಡಿಸ್ಕಿನಿಂದಲೇ ಏಳು ಎಂದು ಯಂತ್ರಕ್ಕೆ ಹೇಳಿದಳು. ಅದು ಹೂಂ ಎಂದು, ಎದ್ದು, ಮತ್ತೆ ಆ ಡ್ರೈವಿಗೇ ಹೋಯಿತು. ಆ ಯಂತ್ರದ ಜೊತೆ ಒಂದು ಪುಟ್ಟ ಕಾವಲುಗಾರ ಯಂತ್ರ ಇರುತ್ತದಂತೆ. ದೊಡ್ಡದು ಮಲಗಿದರೂ ಅದು ಮಲಗುವುದಿಲ್ಲ, ಈಚೆಯವರು ಮಾತಾಡುವುದೆಲ್ಲ ಅದರ ಜೊತೆಗೆ. ಕೊನೆಗೆ ಆ ಕಾವಲುಗಾರನನ್ನೂ ಎಲ್ಲ ಮರೆತು ಹೊಸದಾಗಿ ಏಳುವಂತೆ ಮಾಡಿದಳು. ಅದು ಎದ್ದಿತು. ಯಾರ ಹೆಸರೂ ಇಲ್ಲದ ಖಾಲಿ ತೆರೆಯಲ್ಲಿ ಮೊದಲು ಮೂಡಿದ್ದು ಸಂಗವ್ವನ ಹೆಸರು.

ಆಗ ಅವಳು ನನ್ನನ್ನು ಕರೆಸಿದಳು. ಮಧ್ಯಾಹ್ನ, ಮೋಡ ಕಟ್ಟಿ ಸೆಕೆಯಾಗಿತ್ತು. ಇನ್ನು ಒಂದೇ ದಾರಿ ಉಳಿದಿದೆ, ಹಿಡಿದವರ ಕೈಯಿಂದ ಡ್ರೈವನ್ನು ಕೇಳಿ ತೆಗೆದುಕೊಳ್ಳುವುದು ಎಂದಳು. ಯಾರಾದರೂ ಕಳಚುವುದನ್ನು ಮರೆತು ಎದ್ದು ಹೋದಾಗ ಹಾಗೆ ಮಾಡುತ್ತಾರಂತೆ. ಕೇಳಿಕೆ ಹೋಗುತ್ತದೆ, ಹಿಡಿದವರು ಕೊಡುತ್ತೇನೆ ಎನ್ನಬಹುದು, ಇಲ್ಲ ಎನ್ನಬಹುದು, ಉತ್ತರ ಬಾರದಿದ್ದರೆ ಸ್ವಲ್ಪ ಕಾದು ಕಾವಲುಗಾರನೇ ಬಿಡಿಸಿ ಕೊಡುತ್ತಾನೆ. ಅವಳು ನನ್ನ ಎದುರಿಗೆ ಒತ್ತಿ ತೋರಿಸಿದಳು. ನಾವು ಕಾದೆವು. ಸಂಗವ್ವನನ್ನು ಏನಾದರೂ ಕೇಳಿದರೆ ಅವಳು ಕನ್ನಡಕವನ್ನು ಬೆರಳಿನಿಂದ ಮೇಲೆ ಸರಿಸಿ ಆಮೇಲೆ ಉತ್ತರ ಕೊಡುತ್ತಿದ್ದಳು. ಅಷ್ಟೇ ಹೊತ್ತು ಆಯಿತು. ತೆರೆಯ ಮೇಲೆ ಬಂತು: ಕೊಡುವುದಿಲ್ಲ.

ಕಸ್ತೂರಿ ನನ್ನ ಕಡೆ ನೋಡದೆ ಹೇಳಿದಳು, "ಯಾರೂ ಇಲ್ಲಂದ್ರ ಅದು ತಾನಾಗೇ ನಮ್ಮ ಕೈಗೆ ಕೊಡತೈತಿ ಕಾಕಾ. ಇಲ್ಲ ಅನ್ನಾಕ ಅಲ್ಲಿ ಯಾರರ ಇರಬೇಕು."

ಸಂಗವ್ವನ ಬೆರಳುಗಳ ನಡುವೆ ನಾನೇ ಇಟ್ಟ ಆ ಹೊಳೆಯುವ ವಸ್ತು ನೆನಪಾಯಿತು. ಅದನ್ನು ಬಾಯಿಬಿಟ್ಟು ಹೇಳಿದೆ. ಜೋಡಿಸಿದ್ದನ್ನು ಕಳಚದೆ ಕೈಯಲ್ಲಿ ಕೊಟ್ಟು ಕಳಿಸಿದ್ದೇವೆ. ಗೂಡು ಕಚೇರಿಯದಾದರೇನು, ಮಣ್ಣಿನದಾದರೇನು, ಆಚೆಯ ಯಂತ್ರಕ್ಕೆ ಅದು ಇನ್ನೂ ಕಾಣುತ್ತಲೇ ಇದೆ.

ಈ ಮಾತು ಊರಲ್ಲಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಸಂಜೆಗೆ ಕುಂಬಾರ ಓಣಿಯ ಹಿರಿಯ ತಿಪ್ಪಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಮನೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ದೇವರ ಜಗಲಿಗೆ ಕೈಮುಗಿದು, ಕೂತು, ಬಹಳ ಹೊತ್ತು ಮಳೆಯ ಮಾತಾಡಿದ. ಕೊನೆಗೆ ಬಂದ ಕೆಲಸ ಹೇಳಿದ. ಮೊದಲನೆಯ ಮಳೆ ಬಿದ್ದ ದಿನ ಸಮಾಧಿಯನ್ನು ತೆರೆಯುವುದೆಂದು ಓಣಿಯವರು ಗೊತ್ತುಮಾಡಿದ್ದಾರೆ. ಹಾಲು ಹಾಕಿ, ಮಠದ ಅಯ್ಯನವರನ್ನು ಕರೆಸಿ, ಸೀಡಿಯನ್ನಷ್ಟೇ ತೆಗೆದು ಮತ್ತೆ ಮುಚ್ಚುವುದು. "ಅಜ್ಜಾರ, ನಾವೇನು ರಾಕ್ಷಸರಲ್ಲ. ನಮ್ಮಪ್ಪನೂ ಅದ ಮಣ್ಣಾಗ ಕುಂತಾನ. ಆದರ ನೀರು ಸತ್ತವರನ್ನ ಕೇಳಿ ಬರೂದಿಲ್ಲ" ಎಂದ. ಓದುವ ನಡುವೆ ಕಿತ್ತರೆ ಆಚೆಯ ಯಂತ್ರ ಮತ್ತೆಂದೂ ಏಳದಿರಬಹುದು ಎಂದು ಕಸ್ತೂರಿ ಹೇಳಿದ್ದನ್ನು ನಾನು ಹೇಳಿದೆ. ಈಗೇನು ಅದು ಎದ್ದು ಕುಣಿಯಾಕತ್ತೈತೇನು ಎಂದು ಹಿಂದಿನಿಂದ ಒಬ್ಬ ಗೊಣಗಿದ. ಅವರು ಹೇಳುವುದರಲ್ಲಿ ತಪ್ಪಿರಲಿಲ್ಲ. ಆದರೆ ಮಣ್ಣಿನಲ್ಲಿ ಕೂತವಳ ಬೆರಳನ್ನು ಬಿಡಿಸಿ, ಹಿಡಿದದ್ದನ್ನು ಕಿತ್ತುಕೊಂಡರೆ, ಕೊಡುವುದಿಲ್ಲ ಎಂದವಳ ಜೀವ ಎಲ್ಲಿಗೆ ಹೋಗಿ ನಿಲ್ಲಬೇಕು?

ಅಂದಿನಿಂದ ನಾನು ದಿನವೂ ಕಚೇರಿಗೆ ಹೋದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಹೋಗಿ ಅವಳ ಕುರ್ಚಿಯ ಪಕ್ಕದಲ್ಲಿ ಕೂರುತ್ತಿದ್ದೆ. ಕಸ್ತೂರಿ ಕೇಳಿಕೆ ಕಳಿಸುವಳು. ನಾನು ಮನಸ್ಸಿನಲ್ಲಿ, ಬಿಡು ತಂಗೀ, ಸಾಕು, ಇನ್ನು ಬಿಡು ಎಂದು ಬೇಡುವೆನು. ಕನ್ನಡಕ ಸರಿಸುವಷ್ಟು ಹೊತ್ತು. ಕೊಡುವುದಿಲ್ಲ. ಮನೆಗೆ ಬಂದು ಜಗಲಿಯ ಮುಂದೆ ಕೂತು ಶಿವನಿಗೂ ಅದನ್ನೇ ಹೇಳುತ್ತಿದ್ದೆ: ಅವಳಿಗೆ ಬಿಡಲು ಹೇಳು. ಅವಳ ಕನ್ನಡಕವನ್ನೂ, ಸೀಡಿ ಇಡುತ್ತಿದ್ದ ಖಾಲಿ ಡಬ್ಬಿಯನ್ನೂ ಜಗಲಿಯ ಮೇಲೆ ಇಟ್ಟು ಹೂ ಹಾಕುತ್ತಿದ್ದೆ.

ಆಷಾಢ ಹುಟ್ಟಿ ಎರಡು ದಿನಕ್ಕೆ, ಬೆಳಗಿನ ಗಂಟೆ ಎಂದಿನಂತೆ ಅರ್ಧಕ್ಕೆ ನಿಂತ ಮೇಲೆ, ಮೊದಲ ಹನಿ ಬಿತ್ತು. ಮಣ್ಣಿನ ವಾಸನೆ ಎದ್ದಿತು. ಬೇರೆ ವರ್ಷ ಆ ವಾಸನೆಗೆ ಮಕ್ಕಳು ಬೀದಿಗೆ ಓಡಿಬರುತ್ತಾರೆ. ಈ ಸಲ ಗುದ್ದಲಿಗಳು ಹೊರಬಿದ್ದವು. ನಾನು ಕಚೇರಿಯ ಬಾಗಿಲಲ್ಲಿ ನಿಂತಿದ್ದಾಗ ತಿಪ್ಪಣ್ಣನ ಗುಂಪು ಸಮಾಧಿಗಳ ಕಡೆ ಹೋಗುವುದು ಕಂಡಿತು. ಒಬ್ಬನ ಕೈಯಲ್ಲಿ ಹಾಲಿನ ತಂಬಿಗೆ ಇತ್ತು.

ಕಸ್ತೂರಿ ಆಗಲೇ ಕೇಳಿಕೆ ಕಳಿಸಿ, ಇಲ್ಲವೆಂಬ ಉತ್ತರ ತೆಗೆದುಕೊಂಡು, ಕೈಕಟ್ಟಿ ಕೂತಿದ್ದಳು. ನಾನು ಕೇಳಿದೆ: ಕಿತ್ತುಕೊಳ್ಳುವುದೊಂದೇ ಬಗೆಯೇ? ಬೇರೆ ಏನನ್ನೂ ಕೇಳಲು ಬರುವುದಿಲ್ಲವೇ? ಅವಳು ತಡವರಿಸಿದಳು. ಒಂದು ಇದೆಯಂತೆ, ಬಿಡು ಎನ್ನುವ ಬದಲು, ನಿನ್ನ ಜೊತೆ ನಾನೂ ನೋಡಲೇ ಎಂದು ಕೇಳುವುದು. ಹೊಸಬರಿಗೆ ಕೆಲಸ ಕಲಿಸುವಾಗ ಹಾಗೆ ಮಾಡುತ್ತಾರೆ. ಅವಳಿಗೆ ಕೆಲಸ ಕಲಿಸುವಾಗ ಸಂಗವ್ವ ಹಾಗೆಯೇ ಮಾಡಿದ್ದಳು. ಹಾಗಾದರೆ ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದೆ.

"ಕೇಳಿದ್ರ ಅಕಿ ಕಾಣೂದೆಲ್ಲಾ ನನಗೂ ಕಾಣತೈತಿ" ಎಂದಳು ಕಸ್ತೂರಿ. "ಅಕಿ ಎಲ್ಲಿಂದ ನೋಡಾಕತ್ತಾಳೋ ನನಗ ಗೊತ್ತೈತಿ ಕಾಕಾ. ಅಲ್ಲಿಂದ ನೋಡಾಕ ನನ್ನಿಂದ ಆಗೂದಿಲ್ಲ. ನನಗ ಮಕ್ಕಳದಾವ."

"ನನಗಿಲ್ಲಲ್ಲ" ಎಂದೆ.

ಅವಳು ಎದ್ದು, ಸಂಗವ್ವನ ಕಂಪ್ಯೂಟರಿಗೆ ಕಿತ್ತಿದ್ದ ತಂತಿಯನ್ನು ಮತ್ತೆ ಸಿಕ್ಕಿಸಿ ಹಚ್ಚಿದಳು. ನಾನು ಸಂಗವ್ವನ ಕುರ್ಚಿಯಲ್ಲಿ ಕೂತೆ. ಕೂತವನ ಹೆಸರು ಹಾಕಲೇಬೇಕೆಂಬ ನಿಯಮದಂತೆ ಕಸ್ತೂರಿ ನನ್ನ ಹೆಸರು ಒತ್ತಿದಳು: ಗುರುಪಾದಪ್ಪ. ಆಮೇಲೆ ಜೊತೆಗೆ ನೋಡುವ ಕೇಳಿಕೆಯನ್ನು ಸಿದ್ಧಮಾಡಿ, ಯಾವುದನ್ನು ಒತ್ತಬೇಕೆಂದು ತೋರಿಸಿ, ಬಾಗಿಲ ಬಳಿ ಹೋಗಿ ಮುಖ ತಿರುಗಿಸಿ ನಿಂತಳು. ನಾನು ಪಂಚಾಕ್ಷರಿ ಹೇಳಿಕೊಂಡು ಒತ್ತಿದೆ. ಈ ಸಲ ಕನ್ನಡಕ ಸರಿಸುವಷ್ಟು ಹೊತ್ತೂ ಆಗಲಿಲ್ಲ. ಕಾದು ಕೂತವರು ಬಾಗಿಲು ತೆಗೆಯುವ ಹಾಗೆ ಕೂಡಲೇ ಬಂತು: ಬರಬಹುದು.

ತೆರೆ ಕಪ್ಪಾಯಿತು. ಆರಿಸಿದ ತೆರೆಯ ಕಪ್ಪಲ್ಲ, ಹೊದಿಸಿದ ಹಾಗೆ ದಟ್ಟವಾದ ಕಪ್ಪು. ಕೋಣೆಯಲ್ಲಿ ಹಸಿಮಣ್ಣಿನ ವಾಸನೆ ತುಂಬಿತು; ಅದು ಹೊರಗಿನ ಮಳೆಯದ್ದೆಂದು ನಾನು ನನಗೇ ಹೇಳಿಕೊಂಡೆ. ಆ ಕಪ್ಪಿನ ನಡುವೆ ಒಂದೇ ಒಂದು ಸಾಲು ಬೆಳ್ಳಗೆ ಇತ್ತು. ಅದರ ಕೆಳಗೆ ಮೌಸಿನ ಪುಟ್ಟ ಬಾಣ ಅಲುಗಾಡುತ್ತಿತ್ತು. ನನ್ನ ಕೈ ನನ್ನ ತೊಡೆಯ ಮೇಲಿತ್ತು. ಬಾಣ ನಡುಗುತ್ತ ಸಾಲಿನ ಮೊದಲ ಅಕ್ಷರಕ್ಕೆ ಹೋಗುತ್ತಿತ್ತು, ಕೊನೆಯವರೆಗೆ ಸರಿಯುತ್ತಿತ್ತು, ಮತ್ತೆ ಮೊದಲಿಗೆ ಬರುತ್ತಿತ್ತು. ಈಚಿನ ವರ್ಷಗಳಲ್ಲಿ ಸಂಗವ್ವನ ಬಲಗೈ ಹೀಗೆಯೇ ನಡುಗುತ್ತಿತ್ತು. ಚಹಾದ ಬಟ್ಟಲನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದಳು. ಪಾಠ ಹೇಳುವವಳ ಹಾಗೆ, ಎಷ್ಟು ದಿನದಿಂದಲೋ, ಯಾರೂ ನೋಡದಿದ್ದರೂ, ಅವಳು ಆ ಸಾಲನ್ನು ತೋರಿಸುತ್ತಲೇ ಇದ್ದಳು. ನಾನು ಕಣ್ಣೊರಸಿಕೊಂಡು ಓದಿದೆ. ಮೊದಲನೆಯ ಸೀಡಿ ಮುಗಿದಿದೆ. ಅದನ್ನು ತೆಗೆದು ಎರಡನೆಯದನ್ನು ಹಾಕಿ.

ನಾನು ಅದನ್ನು ಗಟ್ಟಿಯಾಗಿ ಓದಿದ್ದು ಕೇಳಿ ಕಸ್ತೂರಿ ಬಾಗಿಲಿನಿಂದಲೇ ತಿರುಗಿದಳು. ಭಯವೆಲ್ಲ ಮರೆತು ಹಣೆ ಬಡಿದುಕೊಂಡಳು. ಈಗಿನ ಕೆಲಸಗಳೆಲ್ಲ ಒಂದೇ ಸೀಡಿಯಲ್ಲಿ ಮುಗಿಯುತ್ತವೆ. ಇದು ಹಳೆಯ ಕಾಲದ ಜೋಡಿ ಸೀಡಿ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಕೈಯಲ್ಲಿರುವುದು ಒಂದೇ ಆದವಳು ಎರಡನೆಯದನ್ನು ಎಲ್ಲಿಂದ ತರಬೇಕು? ಕೆಲಸದ ನಡುವೆ ಮೊದಲನೆಯದನ್ನು ಹೇಗೆ ಬಿಡಬೇಕು? ನಾವು ದಿನವೂ ಬಂದು ಬಿಡು, ಬಿಡು ಎಂದೆವು. ಏನು ಬೇಕು ಎಂದು ಒಂದು ದಿನವೂ ಕೇಳಲಿಲ್ಲ.

ಎರಡನೆಯದು ಎಲ್ಲಿರಬೇಕೆಂದು ನಾನು ಯೋಚಿಸಬೇಕಾಗಿರಲಿಲ್ಲ. ಖಾಲಿಯೆಂದು ತಿಳಿದು ನಾನು ದಿನವೂ ಹೂ ಹಾಕುತ್ತಿದ್ದ ಆ ಡಬ್ಬಿ. ಈ ವಯಸ್ಸಿನಲ್ಲಿ ಮಳೆಯಲ್ಲಿ ಹೇಗೆ ಓಡಿದೆನೋ ಶಿವನಿಗೇ ಗೊತ್ತು. ಮನೆಯ ದಾರಿಯಲ್ಲೇ ಸಮಾಧಿಗಳು. ಅಯ್ಯನವರು ಮಂತ್ರ ಹೇಳುತ್ತಿದ್ದರು, ಹಾಲು ಹಾಕಿ ಆಗಿತ್ತು, ಮೇಲಿನ ಹೂಗಳನ್ನು ಸರಿಸಿ ಒಬ್ಬ ಗುದ್ದಲಿ ಎತ್ತಿದ್ದ. ನಾನು ಹೋಗಿ ಅದರ ಹಿಡಿಯನ್ನು ಹಿಡಿದುಕೊಂಡೆ. ಏದುಸಿರಿನಲ್ಲೇ, ಅಕಿ ಹಟ ಮಾಡಾಕತ್ತಿಲ್ಲ, ಕೆಲಸ ಮಾಡಾಕತ್ತಾಳ, ಒಂದು ಗಂಟಿ ಬಡಿಯೂತನಕ ತಡೀರಿ ಎಂದು ಹೇಳಿದೆ. ತಿಪ್ಪಣ್ಣ ಮೋಡ ನೋಡಿದ, ಓಣಿಯ ಕಡೆ ನೋಡಿದ, ನನ್ನನ್ನು ನೋಡಿದ.

"ಸಂಜಿ ಗಂಟಿತನಕ" ಎಂದ. "ಅದು ಅರ್ಧಕ್ಕ ನಿಂತ್ರ ಮತ್ತ ನೀವು ನಡುವ ಬರಬಾರದು ಅಜ್ಜಾರ."

ಮನೆ ಮುಟ್ಟಿ, ಡಬ್ಬಿಯ ಮೇಲಿನ ಹೂ ಝಾಡಿಸಿ ತೆರೆದೆ. ಸೀಡಿ ಕೂರುವ ಮುಂದಿನ ತಟ್ಟೆ ಬರಿದಾಗಿತ್ತು. ಅದನ್ನು ಎತ್ತಿದರೆ ಹಿಂದೆ ಎರಡನೆಯದು, ಒಂದು ಗೀರೂ ಇಲ್ಲದೆ, ಸುಮ್ಮನೆ ಕೂತಿತ್ತು.

ಕಚೇರಿಗೆ ಮರಳಿ ಅದನ್ನು ಗೂಡಿಗೆ ಹಾಕಿದೆ. ಬಾಣ ಇನ್ನೂ ಸಾಲಿನ ಕೆಳಗೆ ಓಡಾಡುತ್ತಿತ್ತು. ಅವಳು ಬಿಡದೆ ನನ್ನದು ಜೋಡಣೆಯಾಗುವುದಿಲ್ಲ, ಅಲ್ಲಿರುವ ಡ್ರೈವು ಒಂದೇ ಎಂದು ಕಸ್ತೂರಿ ಮೆಲ್ಲಗೆ ಹೇಳಿದಳು. ನಾನು ತೆರೆಗೆ ಹೇಳಿದೆನೋ, ಮಣ್ಣಿಗೆ ಹೇಳಿದೆನೋ ತಿಳಿಯದು.

"ತಂಗೀ, ಎರಡನೇದು ನನ್ನ ಕೈಯಾಗ ಐತಿ. ನಿಂದು ಮುಗೀತು. ಇನ್ನ ನಾ ಹಿಡೀತೀನಿ."

ಬಾಣ ನಿಂತಿತು. ಸಾಲಿನ ಕೊನೆಯಲ್ಲಿ ಬಹಳ ಹೊತ್ತು ನಿಂತಿತು. ಆಮೇಲೆ ನಡುಗುತ್ತ, ತುಂಬಿದ ಕೊಡವನ್ನು ಇನ್ನೊಬ್ಬರ ತಲೆಯ ಮೇಲೆ ಇಡುವವರ ಹಾಗೆ ಹುಷಾರಾಗಿ, ಮೇಲಿನ ಮೂಲೆಗೆ ಹೋಯಿತು. ಅಲ್ಲಿದ್ದ ಸಂಗವ್ವ ಎಂಬ ಹೆಸರು ಆರಿತು. ಅದೇ ಜಾಗದಲ್ಲಿ ನನ್ನ ಹೆಸರು ಮೂಡಿತು. ಗೂಡಿನೊಳಗೆ ಸೀಡಿ ತಿರುಗತೊಡಗಿದ ಸದ್ದು ಕೇಳಿಸಿತು.

ಕೆಲಸ ಇಡೀ ಮಧ್ಯಾಹ್ನ ಹಿಡಿಯಿತು. ಕಸ್ತೂರಿ ಆಗಾಗ ಬಂದು ನೋಡಿ, ಸರಿಯಾಗಿ ನಡೆದಿದೆ ಎಂದು ಹೋಗುತ್ತಿದ್ದಳು. ನಾನು ಅಲುಗಾಡದೆ ಕೂತೆ. ಬಾಣ ಮತ್ತೆ ಅಲುಗಲಿಲ್ಲ. ಆದರೂ ಯಾರೋ ನನ್ನ ಹಿಂದೆ ನಿಂತು, ಹೊಸಬ ಎಲ್ಲಿ ತಪ್ಪುತ್ತಾನೋ ಎಂದು ನೋಡುತ್ತಿರುವಂತೆ ಬೆನ್ನಿಗೆ ತಿಳಿಯುತ್ತಿತ್ತು. ನಾನು ತಿರುಗಲಿಲ್ಲ. ತಿರುಗಿದರೆ ಯಾರೂ ಇರುವುದಿಲ್ಲವೆಂಬ ಭಯ.

ಕತ್ತಲಾಗುವ ಮೊದಲು ತೆರೆ ಬೆಳ್ಳಗಾಯಿತು. ಮುಗಿಯಿತು, ಕಳಚಬಹುದು ಎಂದು ಬಂತು. ಕಸ್ತೂರಿ ಒತ್ತಬೇಕಾದ ಜಾಗ ತೋರಿಸಿದಳು. ನನ್ನ ಬೆರಳು ಏಳಲಿಲ್ಲ. ಇದನ್ನು ಹೀಗೆಯೇ ಬಿಟ್ಟರೆ? ನನ್ನ ಹೆಸರು ಅಲ್ಲಿ ಇರಲಿ, ಆಚೆಮನೆಯ ಕತ್ತಲಲ್ಲಿ ಒಂದು ಎಳೆ ಜೋಡಿಸಿಯೇ ಇರಲಿ, ನಾಳೆ ಬೆಳಿಗ್ಗೆಯೂ ಈ ಕುರ್ಚಿಗೆ ಬಂದು ಕೂರುವೆನು, ಬೆನ್ನ ಹಿಂದೆ ಅವಳು ನಿಲ್ಲುವಳು. ನನ್ನ ಎದೆ ಅದನ್ನೇ ಕೇಳಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ದಿನ ಅವಳನ್ನು ಬಿಡು ಎಂದು ಬೇಡಿದವನು, ಬಿಡುವ ಸರದಿ ನನಗೆ ಬಂದಾಗ ಗೂಡಿನ ಮೇಲೆ ಕೈಯಿಟ್ಟು ಅವಳ ಹಾಗೆಯೇ ಕೂತಿದ್ದೆ. ಕಿಟಕಿಯಲ್ಲಿ ಕೆರೆಯ ಏರಿ ಕಾಣುತ್ತಿತ್ತು. ಅದರ ಮೇಲೆ ಕುಂಬಾರ ಓಣಿಯ ಹೆಂಗಸರು ಮಕ್ಕಳನ್ನು ಎತ್ತಿಕೊಂಡು, ನೀರು ಎಲ್ಲಿಗೆ ಬಂತೆಂದು ನೋಡುತ್ತ ನಿಂತಿದ್ದರು.

ಒತ್ತಿದೆ. ನನ್ನ ಹೆಸರೂ ಆರಿತು. ಎದ್ದು ನಿಂತು, ಕೋಣೆಗೆಲ್ಲ ಕೇಳುವಂತೆ, ನಮ್ಮಿಬ್ಬರ ಪರವಾಗಿ "ಬಿಟ್ಟೆ" ಎಂದೆ.

ಹೊಳೆಯ ಆಚೆ ಗಂಟೆ ಶುರುವಾಯಿತು. ನಡುವಿನ ಆ ಜಾಗಕ್ಕೆ ಬಂದಾಗ ಊರೆಲ್ಲ ಉಸಿರು ಬಿಗಿಹಿಡಿಯಿತು. ಗಂಟೆ ಆ ಜಾಗವನ್ನು ದಾಟಿತು. ದಾಟಿ, ಕೊನೆಯ ಬಡಿತದವರೆಗೆ ಹೋಗಿ, ಅದರ ಮೊಳಗು ನೀರಿನ ಮೇಲೆ ತೇಲಿ ಬಂದು ನಿಂತಿತು. ಅದರ ಹಿಂದೆಯೇ ಕೆರೆಯ ಬಾಗಿಲುಗಳು ತೆರೆದುಕೊಂಡ ಸದ್ದು. ನಾನು ಸಮಾಧಿಯ ಬಳಿ ಹೋದಾಗ ಯಾರೂ ಇರಲಿಲ್ಲ. ಸರಿಸಿದ ಹೂಗಳನ್ನು ಯಾರೋ ಮತ್ತೆ ಮೊದಲಿನಂತೆ ಜೋಡಿಸಿ, ಒಂದು ಹೊಸ ಮಣ್ಣಿನ ಹಣತೆ ಹಚ್ಚಿ, ಮಳೆ ತಾಗದಂತೆ ಅದಕ್ಕೆ ಒಡೆದ ಕೊಡದ ಮರೆ ಇಟ್ಟು ಹೋಗಿದ್ದರು.

ಅಲ್ಲಿ ನಿಂತು ಬೇಡಿಕೊಂಡದ್ದನ್ನೇ ಇಂದಿಗೂ ಪೂಜೆಯ ಕೊನೆಗೆ ಬೇಡಿಕೊಳ್ಳುತ್ತೇನೆ. ಶಿವನೇ, ನನ್ನ ತಂಗಿ ಸಂಗವ್ವ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವಳಲ್ಲ, ಮಣ್ಣಿನೊಳಗೂ ಬಿಡಲಿಲ್ಲ. ಅವಳ ಬಲಗೈಗೆ ಇನ್ನು ಕೆಲಸವಿಲ್ಲ. ಆ ನಡುಗುವ ಕೈಯನ್ನು ನೀನೇ ಎತ್ತಿ, ಅವಳ ಎಡಗೈಯ ಲಿಂಗದ ಮೇಲೆ ತಂದಿಡು. ಅಲ್ಲಿ ಅದು ನಡುಗದಿರಲಿ. ನಾನಾಗಲಿ, ಈ ಊರಾಗಲಿ, ಮತ್ತೆ ಕೂಗಿ ಅವಳನ್ನು ಎಬ್ಬಿಸದಂತೆ ಕಾಯಿ. ನಿನ್ನ ಬಯಲಿನಲ್ಲಿ ಅವಳು ಸುಖವಾಗಿ ಕೂತಿರಲಿ, ತಂದೆ.